ಮನೆಯಿಂದ ಶೆಡ್ಡಿಗೆ ಕರೆಂಟು: ತಲೆಮೇಲೋ, ನೆಲದಡಿಯೋ, ಪೈಪೋ, ಸೋಲಾರೋ?

ಮನೆಗೂ ಶೆಡ್ಡಿಗೂ ನಡುವೆ 40 ಮೀಟರ್ ದೂರ. ಶೆಡ್ಡಿನಲ್ಲಿ ಎರಡು ಲೈಟು, ಒಂದು ಫ್ಯಾನು, 1 ಎಚ್‌ಪಿ ಮೋಟಾರು, ಆಗೀಗ ಒಂದು ಗ್ರೈಂಡರ್. ಇಷ್ಟಕ್ಕೆ ಕರೆಂಟು ಒಯ್ಯಲು ನಾಲ್ಕು ದಾರಿ: ತಲೆಮೇಲೆ ಎಳೆಯುವ ಸರ್ವಿಸ್ ವೈರು, ನೆಲದಲ್ಲಿ ಹೂಳುವ ಆರ್ಮರ್ಡ್ (ಉಕ್ಕಿನ ಕಂಬಿಗಳ ಕವಚವಿರುವ) ಕೇಬಲ್ಲು, ಪೈಪಿನೊಳಗೆ ಬಿಡಿ ವೈರು, ಮನೆ ಲೈನಿನ ಗೊಡವೆಯೇ ಬೇಡದ ಸೋಲಾರು. ನಾಲ್ಕನ್ನೂ ಹಾಕಿಸಿ, ಮಳೆಗಾಲ ದಾಟಿಸಿ ನೋಡಿದ ಹೋಲಿಕೆ ಇದು. ಕಿಟಕಿಯಿಂದ ಎಕ್ಸ್‌ಟೆನ್ಷನ್ ಎಳೆದು ವರ್ಷಗಟ್ಟಲೆ ಹಾಗೇ ಬಿಡುವ ಅಭ್ಯಾಸವನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ.

ಮೋಟಾರು ಇದೆ ಎಂದಾದರೆ ನಮ್ಮ ಓಟು ಆರ್ಮರ್ಡ್ ಕೇಬಲ್ಲಿಗೆ. ಆದರೆ ಯಾವ ದಾರಿ ಹಿಡಿದರೂ ಮೊದಲು ವೈರಿನ ದಪ್ಪ ಗಟ್ಟಿ ಮಾಡಿಕೊಳ್ಳಬೇಕು. 2.5 ಚದರ ಮಿ.ಮೀ. ತಾಮ್ರದ ವೈರು 40 ಮೀಟರ್ ಹೋಗಿ ಬರುವಷ್ಟರಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 0.56 ಓಮ್. 16 ಆಂಪಿಯರ್ ಎಳೆದರೆ 9 ವೋಲ್ಟ್ ದಾರಿಯಲ್ಲೇ ಖರ್ಚು. ವೈರು ಬಿಸಿಯಾದ ಮೇಲೆ ಹತ್ತು ದಾಟುತ್ತದೆ. ಅದೇ ಲೋಡಿಗೆ 4 ಚ.ಮಿ.ಮೀ.ನಲ್ಲಿ ಇಳಿಕೆ 5.6 ವೋಲ್ಟ್, 6ರಲ್ಲಿ 3.7. ಲೈಟಿಗೆ ಇದರಿಂದ ಏನೂ ಆಗುವುದಿಲ್ಲ. ತೊಂದರೆ ಬರುವುದು ಮೋಟಾರಿಗೆ. ಓಡುವಾಗ ಆರೇ ಆಂಪಿಯರ್ ತೆಗೆದುಕೊಳ್ಳುವ ಮೋಟಾರು ಸ್ಟಾರ್ಟ್ ಆಗುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ. ಮನೆಯಲ್ಲೇ ವೋಲ್ಟೇಜು 200ಕ್ಕೆ ಇಳಿದಿರುವ ಹೊತ್ತಿನಲ್ಲಿ ತೆಳು ವೈರಿನ ತುದಿಯಲ್ಲಿರುವ ಮೋಟಾರು ಗುಂಯ್ ಎನ್ನುತ್ತಾ ನಿಂತುಬಿಡುತ್ತದೆ, ವೈಂಡಿಂಗು ಸುಡುತ್ತದೆ. ಬೈಗುಳ ಮಾತ್ರ ಮೋಟಾರಿನ ಕೆಪಾಸಿಟರ್‌ಗೆ. ಆದ್ದರಿಂದ 40 ಮೀಟರಿಗೆ ತಾಮ್ರವಾದರೆ 4ಕ್ಕಿಂತ ಕಡಿಮೆ ಬೇಡ, 6 ಇದ್ದರೆ ನೆಮ್ಮದಿ. 10 ಚ.ಮಿ.ಮೀ. ಅಲ್ಯೂಮಿನಿಯಂ ಹೆಚ್ಚುಕಡಿಮೆ 6ರ ತಾಮ್ರಕ್ಕೆ ಸಮ.

ತಲೆಮೇಲಿನ ಲೈನಿನ ದೊಡ್ಡ ಗುಣ, ಅಗೆತವಿಲ್ಲ. ಎರಡು ಕಡೆ ಕಂಬ ಅಥವಾ ಗೋಡೆಗೆ ಕ್ಲಾಂಪು, ನಡುವೆ ಬಿಗಿದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಅದಕ್ಕೆ ಅಡಿಗೊಂದರಂತೆ ಕಟ್ಟಿದ ಅಲ್ಯೂಮಿನಿಯಂ ಸರ್ವಿಸ್ ಕೇಬಲ್ಲು. ಭಾರ ಹೊರಬೇಕಾದದ್ದು ಜಿಐ ತಂತಿ, ಕೇಬಲ್ಲಲ್ಲ. 40 ಮೀಟರಿಗೆ ಮಧ್ಯೆ ಒಂದು ಕಂಬ ಬೇಕೇ ಬೇಕು. ಜನ ಓಡಾಡುವಲ್ಲಿ 5 ಮೀಟರ್, ಲಾರಿ-ಟ್ರ್ಯಾಕ್ಟರ್ ಬರುವಲ್ಲಿ 6 ಮೀಟರ್ ಎತ್ತರ ಬಿಡಿ. ಹಾಳಾಗುವುದು ಸಾಮಾನ್ಯವಾಗಿ ಮೂರು ಕಡೆ: ಕೊಂಬೆ ಉಜ್ಜುವ ಜಾಗ, ಬಿಸಿಲಿಗೆ ಪಿವಿಸಿ ಒಣಗಿ ಬಿರಿಯುವ ಜಾಗ, ಗೋಡೆಯೊಳಗೆ ಹೋಗುವ ತೂತು. ಆ ತೂತಿನ ಮುಂಚೆ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತಿರುಗಿಸದಿದ್ದರೆ ಮಳೆನೀರು ಅದರ ಗುಂಟ ಹರಿದು ನೇರ ಬೋರ್ಡಿಗಿಳಿಯುತ್ತದೆ. ಇನ್ನೊಂದು ಮಾತು: ಎರಡು ಕೋರಿನ (ಒಳಗೆ ಎರಡೇ ಎಳೆಯಿರುವ) ಸರ್ವಿಸ್ ವೈರಿನಲ್ಲಿ ಅರ್ಥ್ ವೈರು ಇಲ್ಲ. ಭಾರ ಹೊರುವ ಜಿಐ ತಂತಿಯನ್ನೇ ಅರ್ಥ್ ಎಂದು ಬಳಸುವವರಿದ್ದಾರೆ. ಕಟ್ಟು ತುಕ್ಕು ಹಿಡಿದ ದಿನ ಆ ಅರ್ಥ್ ಇರುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ.

ಆರ್ಮರ್ಡ್ ಕೇಬಲ್ಲಿಗೆ ಅಗೆಯುವ ಕೆಲಸವೇ ಮುಕ್ಕಾಲು ಪಾಲು. ಕಾಲುವೆ 60 ಸೆಂ.ಮೀ. ಆಳ, ವಾಹನ ಹಾಯುವಲ್ಲಿ 75. ತಳಕ್ಕೆ 10 ಸೆಂ.ಮೀ. ಮರಳು, ಅದರ ಮೇಲೆ ಕೇಬಲ್ಲು, ಮತ್ತೆ 10 ಸೆಂ.ಮೀ. ಮರಳು, ಮೇಲೊಂದು ಸಾಲು ಇಟ್ಟಿಗೆ, ಅರ್ಧ ಮಣ್ಣು ಮುಚ್ಚಿದ ಮೇಲೆ ಎಚ್ಚರಿಕೆಯ ಟೇಪು. ಮರಳು ಉಳಿಸಲು ಹೋದರೆ ಚೂಪುಗಲ್ಲು ನಿಧಾನವಾಗಿ ಹೊರಪದರಕ್ಕೆ ಇಳಿಯುತ್ತದೆ. ಮೂರು ಕೋರಿನದ್ದನ್ನೇ ತನ್ನಿ; ಆರ್ಮರ್ ಒಂದನ್ನೇ ಅರ್ಥ್ ಎಂದು ನೆಚ್ಚಬೇಡಿ, ಉಕ್ಕಿನ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಬಹಳ ಜಾಸ್ತಿ. ಆದರೆ ಆರ್ಮರನ್ನೂ ಗ್ಲ್ಯಾಂಡಿನ (ಕೇಬಲ್ಲನ್ನು ಬೋರ್ಡಿಗೆ ಬಿಗಿಯುವ ಲೋಹದ ಜೋಡಣೆ) ಮೂಲಕ ಅರ್ಥ್‌ಗೆ ಸೇರಿಸಲೇಬೇಕು.

ಕೈಚಳಕ ಬೇಕಾಗುವುದು ಈ ಗ್ಲ್ಯಾಂಡಿನಲ್ಲೇ. ಹ್ಯಾಕ್ಸಾದಲ್ಲಿ ಆರ್ಮರ್ ಕಂಬಿಯ ಅರ್ಧ ದಪ್ಪ ಮಾತ್ರ ಕೊಯ್ದು, ಒಂದೊಂದನ್ನೇ ಹಿಂದೆ ಮುಂದೆ ಬಗ್ಗಿಸಿ ಮುರಿಯಬೇಕು. ಪೂರ್ತಿ ಕೊಯ್ದರೆ ಗರಗಸದ ಹಲ್ಲು ಒಳಗಿನ ಪಿವಿಸಿಗೆ ತಾಗುತ್ತದೆ, ಆ ಗೆರೆ ಎರಡು ಮಳೆಗಾಲದ ನಂತರ ಶಾರ್ಟ್ ಆಗಿ ಎದುರು ನಿಲ್ಲುತ್ತದೆ. ಮುರಿದ ಕಂಬಿಗಳನ್ನು ಗ್ಲ್ಯಾಂಡಿನ ಕೋನಿನ ಮೇಲೆ ಸಮವಾಗಿ ಹರಡಿ ನಟ್ಟು ಬಿಗಿಯಿರಿ. ಕೆಲಸ ನಿಲ್ಲಿಸಿ ಹೋಗುವಾಗ ಕತ್ತರಿಸಿದ ತುದಿಗೆ ಕ್ಯಾಪು ಹಾಕದಿದ್ದರೆ ನೀರು ಎಳೆಗಳ ನಡುವೆ ಒಳಕ್ಕೆ ಹತ್ತುತ್ತದೆ. ಅಲ್ಯೂಮಿನಿಯಂ ತುದಿಯನ್ನು ತಾಮ್ರ ಅಥವಾ ಹಿತ್ತಾಳೆಯ ಟರ್ಮಿನಲ್ಲಿಗೆ ಕೂರಿಸುವಾಗ ಬೈಮೆಟಲ್ ಲಗ್ (ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ತುದಿಕೊಂಡಿ) ಬಳಸಿ. ಮಣ್ಣು ಮುಚ್ಚುವ ಮೊದಲೂ ಮುಚ್ಚಿದ ಮೇಲೂ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಿಡಿಯಿರಿ. ಹೊಸ ಕೇಬಲ್ಲು ನೂರಾರು ಮೆಗಾಓಮ್ ತೋರಿಸಬೇಕು; ಎರಡನೇ ಸಲಕ್ಕೆ ದಢಕ್ಕನೆ ಇಳಿದರೆ ಗುದ್ದಲಿ ಎಲ್ಲೋ ತಾಗಿದೆ ಎಂದೇ ಅರ್ಥ.

ಪೈಪಿನಲ್ಲಿ ಬಿಡಿ ವೈರು ಎಳೆಯುವುದು ಕಾಗದದ ಮೇಲೆ ಚೆನ್ನಾಗಿದೆ: ಮುಂದೆ ದಪ್ಪ ವೈರು ಬೇಕಾದರೆ ಎಳೆದು ಬದಲಿಸಬಹುದು. ನಿಜದಲ್ಲಿ ಪೈಪಿನೊಳಗೆ ನೀರು ನಿಲ್ಲುತ್ತದೆ, ಜಾಯಿಂಟು ಎಷ್ಟು ಅಂಟಿಸಿದರೂ. ಒಳಗಿನ ತೇವದ ಗಾಳಿಯೇ ತಂಪಾಗಿ ಹನಿಯಾಗುತ್ತದೆ, ಮನೆಗೆ ಬಳಸುವ ಪಿವಿಸಿ ವೈರು ಸದಾ ನೀರಲ್ಲಿರಲು ಮಾಡಿದ್ದಲ್ಲ. ಇಲಿ ಕಡಿಯುವ ಜಾಗದಲ್ಲಂತೂ ಬೇಡ. ಆದರೂ ಇದನ್ನೇ ಹಾಕುವುದಾದರೆ 40 ಮಿ.ಮೀ. ಪೈಪು, ಮಧ್ಯೆ ಒಂದು ಚೇಂಬರು, ಆ ಕಡೆಗೆ ಇಳಿಜಾರು, ಒಳಗೊಂದು ನೈಲಾನ್ ಹಗ್ಗ.

ಸೋಲಾರು ಮೋಟಾರಿಲ್ಲದ ಶೆಡ್ಡಿಗೆ ಮಾತ್ರ. 9 ವಾಟಿನ ಎರಡು ಲೈಟು ಐದು ಗಂಟೆ, 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ) ಫ್ಯಾನು ಆರು ಗಂಟೆ ಎಂದರೆ ದಿನಕ್ಕೆ 270 ವಾಟ್-ಅವರ್. 150 ವಾಟಿನ ಪ್ಯಾನಲ್ಲು, 12.8 ವೋಲ್ಟಿನ 50 ಎಎಚ್ (ಆಂಪಿಯರ್-ಅವರ್) ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಧಾರಾಳ, ಮೋಡದ ಒಂದು ದಿನವೂ ತೂಗುತ್ತದೆ. 1 ಎಚ್‌ಪಿ ಮೋಟಾರನ್ನು ಸ್ಟಾರ್ಟ್ ಮಾಡಿಸಬಲ್ಲ ಇನ್ವರ್ಟರು, ಬ್ಯಾಟರಿ ಕೊಳ್ಳುವ ದುಡ್ಡಿನಲ್ಲಿ ಕಾಲುವೆ ಅಗೆಸಿ ಮುಗಿಸಬಹುದು. 12 ವೋಲ್ಟಿನ ಲೈನಿನಲ್ಲಿ ಅರ್ಧ ವೋಲ್ಟ್ ಇಳಿದರೂ ದೊಡ್ಡದೇ, ಹಾಗಾಗಿ ಬ್ಯಾಟರಿ ಫ್ಯಾನಿನ ಹತ್ತಿರವೇ ಇರಲಿ.

ಮನೆಯಿಂದ ಲೈನು ಬರುವ ಮೂರೂ ವಿಧಾನಕ್ಕೆ ರಕ್ಷಣೆ ಒಂದೇ. ಶೆಡ್ಡಿನ ಪಕ್ಕ ಒಂದು ಅರ್ಥ್ ರಾಡು ಹೊಡೆದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಹಾಕಿದರೆ ಸಾಕು ಎನ್ನುವುದು ಅಪಾಯದ ನಂಬಿಕೆ. ರಾಡಿನ ರೆಸಿಸ್ಟೆನ್ಸ್ 20 ಓಮ್ ಇದ್ದರೆ ಮೋಟಾರಿನ ಬಾಡಿಗೆ ಫೇಸ್ ತಾಗಿದಾಗ ಹರಿಯುವುದು 11.5 ಆಂಪಿಯರ್, 16ರ ಎಂಸಿಬಿ ಅಲುಗಾಡುವುದಿಲ್ಲ, ಬಾಡಿ ಪೂರ್ತಿ ಜೀವಂತ. ಅದಕ್ಕೇ ಶೆಡ್ಡಿನ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಅರ್ಥ್‌ಗೆ ಸೋರಿದರೆ ಬೀಳುವ ಸ್ವಿಚ್ಚು). ಮನೆಯ ಕಡೆಯೂ 30 ಇದ್ದರೆ ಎರಡರಲ್ಲಿ ಯಾವುದು ಮೊದಲು ಬೀಳುತ್ತದೋ ಹೇಳಲಾಗದು, ಕತ್ತಲಲ್ಲಿ ಮನೆಗೂ ಶೆಡ್ಡಿಗೂ ಓಡಾಟ. ಶೆಡ್ಡಿನ ಲೈನಿಗೆ ಮನೆಯ ಕಡೆ 100 ಮಿಲಿಆಂಪಿಯರಿನ, ತಡವಾಗಿ ಬೀಳುವ ಎಸ್ ಟೈಪ್ ಹಾಕಿ. ಶೆಡ್ಡಿನಲ್ಲಿ ನ್ಯೂಟ್ರಲನ್ನೂ ಅರ್ಥನ್ನೂ ಜೋಡಿಸಬೇಡಿ. ಜೋಡಿಸಿದರೆ ಲೋಡಿನ ಕರೆಂಟು ಒಂದಷ್ಟು ಅರ್ಥಿನ ದಾರಿ ಹಿಡಿಯುತ್ತದೆ, ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತದೆ, ಕೊನೆಗೆ ಬೇಸತ್ತ ಯಾರೋ ಅದನ್ನೇ ಬೈಪಾಸ್ ಮಾಡುತ್ತಾರೆ.