ಎಂಟು ವರ್ಷ ಗ್ರೇಡಲ್ ಬಳಸಿದ ಮೇಲೆ: ಕಸ ನಮ್ಮ ಫೈಲಿನಲ್ಲೇ ಇತ್ತು

ಬೆಂಗಳೂರಿನ ಒಂದು ಚಿಕ್ಕ ತಂಡದಲ್ಲಿ ಎಂಟು ವರ್ಷದಿಂದ ಒಂದೇ ಆಂಡ್ರಾಯ್ಡ್ ಆಪ್ ನೋಡಿಕೊಳ್ಳುತ್ತಿದ್ದೇನೆ. ಬಿಲ್ಡ್‌ಗೆ, ಅಂದರೆ ಕೋಡನ್ನು ಆಪ್ ಆಗಿ ಕಟ್ಟೋದಕ್ಕೆ, ಮೊದಲಿನಿಂದಲೂ ಗ್ರೇಡಲ್ ಅನ್ನೋ ಟೂಲ್. ಹಳೇ ಆಯ್ಕೆಗಳನ್ನು ಕಿತ್ತು ಹಾಕುತ್ತೆ ಅಂತ ಇದನ್ನು ಬೈಯುವವರು ಜಾಸ್ತಿ. ನಾನೂ ಬೈದಿದ್ದೇನೆ. ಈಗ ನನ್ನ ತಕರಾರು ಉಲ್ಟಾ: ತಪ್ಪು ಸಾಲು ಬಿದ್ದಿದ್ದರೂ ಅದು ಸುಮ್ಮನಿರುತ್ತೆ.

2021ರಲ್ಲಿ ಗ್ರೇಡಲ್ 7.0 ಬಂದಾಗ, ಆಪ್‌ಗೆ ಬೇಕಾದ ಲೈಬ್ರರಿಗಳನ್ನು (ಬೇರೆಯವರು ಬರೆದ ಸಿದ್ಧ ಕೋಡ್) ಸೇರಿಸುವ ‘ಕಂಪೈಲ್’ ಅನ್ನೋ ಪದ ಹೋಯಿತು. ಅದರ ಬದಲಿಗೆ ‘ಇಂಪ್ಲಿಮೆಂಟೇಶನ್’ 2017ರಲ್ಲೇ ಬಂದಿತ್ತು. ಎಚ್ಚರಿಕೆಗಳನ್ನು ಓದದವರು ನಾವು. ಆದರೂ ಅರ್ಧ ದಿನದಲ್ಲಿ ಮುಗಿಯಿತು. ಎರಡು ಕಡೆ ಮಾತ್ರ ‘ಎಪಿಐ’ ಬರೆಯಬೇಕಾಯಿತು, ಆ ಲೈಬ್ರರಿ ಆಪ್‌ನ ಬೇರೆ ಮಾಡ್ಯೂಲ್‌ಗೂ (ಭಾಗಕ್ಕೂ) ಕಾಣಬೇಕಿತ್ತಲ್ಲ.

ನಿಜವಾದ ಪೀಕಲಾಟ ಬಿಲ್ಡ್‌ನ ಸೆಟ್ಟಿಂಗ್‌ಗಳಿರುವ ಗ್ರೇಡಲ್ ಪ್ರಾಪರ್ಟೀಸ್ ಫೈಲಿನದು. ಗ್ರೇಡಲ್‌ಗೆ ಆಂಡ್ರಾಯ್ಡ್ ಆಪ್ ಕಟ್ಟಲು ಕಲಿಸುವ ಆಂಡ್ರಾಯ್ಡ್ ಪ್ಲಗಿನ್ 8.0ಕ್ಕೆ ಜಾವಾ 17 ಬೇಕು. ರಾತ್ರಿ ಮನೆಯಲ್ಲಿ ಕೂತು ಅಪ್‌ಗ್ರೇಡ್ ಮಾಡಿದೆ. ಹೊರಗೆ ಮಳೆ, ಕರೆಂಟ್ ಇಲ್ಲ, ಯುಪಿಎಸ್ ಕೀಂ ಅನ್ನುತ್ತಿದೆ. ಹಿನ್ನೆಲೆಯಲ್ಲಿ ಬಿಲ್ಡ್ ನಡೆಸುವ ಗ್ರೇಡಲ್ ಡೀಮನ್ ಏಳಲೇ ಇಲ್ಲ. ಕಾರಣ ‘ಮ್ಯಾಕ್ಸ್‌ಪರ್ಮ್‌ಸೈಜ್’ ಅನ್ನೋ ಒಂದು ಸಾಲು. ಅದು ಜಾವಾದ ಒಂದು ಮೆಮೊರಿ ಜಾಗಕ್ಕೆ ಹಾಕುವ ಮಿತಿ. ಆ ಜಾಗವೇ ಜಾವಾ 8ರಲ್ಲಿ ಹೋಗಿತ್ತು. 16ರವರೆಗೆ ಜಾವಾ ಒಂದು ಎಚ್ಚರಿಕೆ ಕೊಟ್ಟು ಸುಮ್ನಿರುತ್ತಿತ್ತು, 17ರಲ್ಲಿ ಶುರುವಾಗಲು ಒಪ್ಪಲಿಲ್ಲ. ಯಾರಪ್ಪಾ ಇದನ್ನು ಹಾಕಿದ್ದು ಅಂತ ಗಿಟ್‌ನಲ್ಲಿ ನೋಡಿದರೆ ನಾನೇ! ನಾವು ಶುರುಮಾಡಿದ್ದೇ ಜಾವಾ 8ರಲ್ಲಿ. ಅಂದರೆ ಬರೆದ ದಿನವೇ ಅದು ಸತ್ತ ಸಾಲು.

ಮಾರನೇ ದಿನ ಫೈಲನ್ನು ಒಂದೊಂದೇ ಸಾಲು ನೋಡಿದೆ. 23 ಇದ್ದದ್ದು 9 ಆಯಿತು. ಅದರಲ್ಲಿ ಒಂದು ನೋಡಿ ನಗು ಬಂತು: ಮಾಡ್ಯೂಲ್‌ಗಳನ್ನು ಒಟ್ಟೊಟ್ಟಿಗೆ ಬಿಲ್ಡ್ ಮಾಡಿಸುವ ‘ಪ್ಯಾರಲಲ್’ ಸ್ಪೆಲ್ಲಿಂಗ್‌ನಲ್ಲಿ ಒಂದು ಎಲ್ ಕಮ್ಮಿ. ಇಷ್ಟು ವರ್ಷ ಮಾಡ್ಯೂಲ್‌ಗಳು ಸಾಲಾಗಿ ನಿಂತು ಬಿಲ್ಡ್ ಆಗುತ್ತಿದ್ದವು. ಆ ಫೈಲಿನಲ್ಲಿ ಯಾವ ಹೆಸರು ಬರೆದರೂ ಗ್ರೇಡಲ್ ಅದನ್ನು ಪ್ರಾಜೆಕ್ಟಿನ ಸ್ವಂತ ಪ್ರಾಪರ್ಟಿ ಅಂದುಕೊಳ್ಳುತ್ತೆ, ಕೇಳುವುದೇ ಇಲ್ಲ. ಆಂಡ್ರಾಯ್ಡ್ ಪ್ಲಗಿನ್ ಇದರಲ್ಲಿ ವಾಸಿ. ಹಿಂದಿನ ಬಿಲ್ಡ್‌ನ ಫಲಿತಾಂಶ ಉಳಿಸಿಡುವ ಹಳೇ ಬಿಲ್ಡ್ ಕ್ಯಾಶ್ ಆಯ್ಕೆ ಉಳಿದಿದ್ದರೆ, ಪ್ಲಗಿನ್ 7.0ರಲ್ಲೇ ತೆಗೆದಿದ್ದೇವೆ ಅಂತ ಹೇಳಿ ಬಿಲ್ಡನ್ನೇ ನಿಲ್ಲಿಸುತ್ತೆ. ಹಾಗೆ ಬೈಸಿಕೊಂಡರೆ ಹತ್ತು ನಿಮಿಷದ ಕೆಲಸ, ಅಲ್ವಾ?

ಗ್ರೇಡಲ್‌ಗೆ ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಆ ಮೌನಕ್ಕೆ. ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್ ಮಾಡಿ ನೋಡುವ ವ್ಯವಸ್ಥೆ) ‘ವಾರ್ನಿಂಗ್ ಮೋಡ್’ ಅನ್ನು ‘ಫೇಲ್’ ಮಾಡಿಟ್ಟಿದ್ದೇವೆ. ಡೆಪ್ರಿಕೇಟ್ ಆದದ್ದು, ಅಂದರೆ ಮುಂದೆ ತೆಗೆಯುತ್ತೇವೆ ಅಂತ ಹೇಳಿದ್ದು, ಬಳಸಿದರೆ ಬಿಲ್ಡ್ ಕೆಂಪಾಗುತ್ತೆ. ಸ್ಪೆಲ್ಲಿಂಗ್ ತಪ್ಪಿದ್ದರೆ ಅದಕ್ಕೂ ಗೊತ್ತಾಗಲ್ಲ, ನಾವೇ ಕಣ್ಣಾಡಿಸಬೇಕು.

ಹಳೇ ಲೈಬ್ರರಿಗಳನ್ನು ಹೊಸದಕ್ಕೆ ಹೊಂದಿಸುವ ಜೆಟಿಫೈಯರ್ ಸಾಲು ಮಾತ್ರ ಇನ್ನೂ ಇದೆ. ಒಂದು ಪೇಮೆಂಟ್ ಲೈಬ್ರರಿ ಆಂಡ್ರಾಯ್ಡ್‌ನ ಹಳೇ ಸಪೋರ್ಟ್ ಲೈಬ್ರರಿಯನ್ನೇ ನೆಚ್ಚಿಕೊಂಡಿದೆ. ಅವರು ಹೊಸದು ಕೊಡುವವರೆಗೆ ಮುಟ್ಟುವ ಹಾಗಿಲ್ಲ.