ಒಂದೇ ಕಾಫಿ ಪುಡಿ ಅಂಗಡಿ, ನಾಲ್ಕು ಫ್ರೇಮ್‌ವರ್ಕ್: ಕೇಸ್ ಇಂಟರ್ವ್ಯೂಗೆ ಯಾವುದು ಕೆಲಸಕ್ಕೆ ಬಂತು?

ಕನ್ಸಲ್ಟಿಂಗ್ ಕಂಪನಿಗಳ ಕೇಸ್ ಇಂಟರ್ವ್ಯೂಗೆ, ಅಂದರೆ ಒಂದು ವ್ಯಾಪಾರದ ಸಮಸ್ಯೆ ಕೊಟ್ಟು ಬಿಡಿಸಿ ಅನ್ನುವ ಸಂದರ್ಶನಕ್ಕೆ, ತಯಾರಾಗುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಫ್ರೇಮ್‌ವರ್ಕ್ (ಸಮಸ್ಯೆ ಬಿಡಿಸುವ ಸಿದ್ಧ ಚೌಕಟ್ಟು) ಕಲಿಯಬೇಕು? ಅಭ್ಯಾಸಕ್ಕೆ ಸಿಗುವ ಕೇಸ್‌ಗಳಲ್ಲಿ ಬರೀ ವಿಮಾನ ಕಂಪನಿ, ಸೂಪರ್ ಮಾರ್ಕೆಟ್ಟು. ಅದು ಬೇಜಾರಾಗಿ ನಾನೂ ನನ್ನ ಗೆಳೆಯನೂ ಹಾಸನದ್ದೇ ಒಂದು ಕೇಸ್ ಕಟ್ಟಿಕೊಂಡೆವು. ಅದರ ಮೇಲೇ ಒಂದೊಂದಾಗಿ ಓಡಿಸಿ ನೋಡಿದೆವು.

ಕೇಸ್ ಇದು. ಊರಲ್ಲಿ ಒಂದು ಕಾಫಿ ಪುಡಿ ಅಂಗಡಿ. ತಿಂಗಳಿಗೆ 1,000 ಕೆಜಿ ಮಾರಾಟ, 70 ಭಾಗ ಕಾಫಿ, 30 ಭಾಗ ಚಿಕೋರಿ. ವ್ಯಾಪಾರ ಇಳಿದಿಲ್ಲ. ಕೆಜಿಗೆ 40 ರೂಪಾಯಿ ರೇಟೂ ಏರಿಸಿದ್ದಾರೆ. ಆದರೂ ತಿಂಗಳ ಲಾಭ 84,000 ರೂಪಾಯಿಯಿಂದ 42,000ಕ್ಕೆ ಬಂದಿದೆ. ಯಾಕೆ? ಏನು ಮಾಡಬೇಕು?

ಎಲ್ಲಕ್ಕಿಂತ ಬೇಗ ದಾರಿ ತೋರಿಸಿದ್ದು ಪ್ರಾಫಿಟ್ ಟ್ರೀ, ಲಾಭವನ್ನು ಮರದ ಹಾಗೆ ಕೊಂಬೆ ಕೊಂಬೆಯಾಗಿ ಒಡೆದು ನೋಡುವುದು. ಲಾಭ ಅಂದ್ರೆ ಆದಾಯದಲ್ಲಿ ಖರ್ಚು ಕಳೆದದ್ದು. ಆದಾಯದ ಕಡೆ ರೇಟು ಏರಿದೆ, ಮಾರಾಟ ಹಾಗೇ ಇದೆ, ಅಲ್ಲಿಗೆ ಆ ಕೊಂಬೆ ಮುಗಿಯಿತು. ಬಾಡಿಗೆ, ಸಂಬಳ, ಕರೆಂಟು, ಚಿಕೋರಿ ಯಾವುದೂ ಬದಲಾಗಿಲ್ಲ ಅಂತ ಇಂಟರ್ವ್ಯೂ ಮಾಡುವವನ ಜಾಗದಲ್ಲಿ ಕೂತ ಗೆಳೆಯ ಹೇಳಿದ. ಉಳಿದದ್ದು ಬೀಜ. ಹುರಿಯದ ಬೀಜದ ರೇಟು ಕೆಜಿಗೆ 100 ರೂಪಾಯಿ ಏರಿದೆ. ಇಲ್ಲಿ ಎಲ್ಲರ ಕೈಗೂ ಮೊದಲು ಬರುವ ಲೆಕ್ಕ: ಒಂದು ಕೆಜಿ ಪುಡಿಯಲ್ಲಿ 700 ಗ್ರಾಂ ಕಾಫಿ, ಅಂದರೆ ಖರ್ಚು 70 ರೂಪಾಯಿ ಜಾಸ್ತಿ, ರೇಟು ಏರಿಸಿದ 40 ಕಳೆದರೆ ಕೆಜಿಗೆ 30 ರೂಪಾಯಿ ನಷ್ಟ. ಆದರೆ ಅದು ತಿಂಗಳಿಗೆ 30,000 ಮಾತ್ರ ಆಗುತ್ತದೆ. ಇನ್ನು 12,000 ಎಲ್ಲಿ ಹೋಯಿತು? ಬೀಜ ಹುರಿದರೆ ತೂಕ ಇಳಿಯುತ್ತದೆ, 15 ಪರ್ಸೆಂಟ್ ಅಂತ ಹಿಡಿಯಿರಿ. 700 ಗ್ರಾಂ ಹುರಿದ ಕಾಫಿ ಬೇಕಾದರೆ ಹತ್ತಿರ ಹತ್ತಿರ 820 ಗ್ರಾಂ ಹುರಿಯದ ಬೀಜ ಬೇಕು. ಖರ್ಚು ಏರಿದ್ದು 82 ರೂಪಾಯಿ, 40 ಕಳೆದರೆ 42. ಲೆಕ್ಕ ಕೂತಿತು. ಆದರೆ ಗಮನಿಸಿ, ಹುರಿಯುವ ನಷ್ಟ ಅನ್ನುವ ಕೊಂಬೆ ಯಾವ ರೆಡಿಮೇಡ್ ಟ್ರೀಯಲ್ಲೂ ಇಲ್ಲ. ಕಾಫಿ ಪುಡಿ ಹೇಗೆ ಆಗುತ್ತದೆ ಅಂತ ಗೊತ್ತಿದ್ದವರಿಗೆ, ಇಲ್ಲವೇ ಕೇಳಿ ತಿಳಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಅದೇ ಕೇಸ್ ಮೇಲೆ ಫೈವ್ ಫೋರ್ಸಸ್. ಹಾರ್ವರ್ಡ್ ಪ್ರೊಫೆಸರ್ ಮೈಕೆಲ್ ಪೋರ್ಟರ್ 1979ರಲ್ಲಿ ಕೊಟ್ಟದ್ದು, ಒಂದು ಇಡೀ ಉದ್ಯಮದಲ್ಲಿ ಲಾಭ ಉಳಿಯುತ್ತದಾ ಅಂತ ನೋಡುವುದಕ್ಕೆ. ಒಂದು ಅಂಗಡಿಯ ಲಾಭ ಯಾಕೆ ಅರ್ಧ ಆಯಿತು ಅನ್ನುವುದಕ್ಕಲ್ಲ. ಹೊಸ ಸ್ಪರ್ಧಿಗಳು, ಈಗಿರುವವರ ಪೈಪೋಟಿ, ಬದಲಿ ವಸ್ತು ಅಂದರೆ ಟೀ, ಗಿರಾಕಿಯ ಚೌಕಾಸಿ ಅಂತ ಸುಮ್ನೆ ಮಾತಾಡುತ್ತಾ ಹೋದೆ, ಒಂದು ಸಂಖ್ಯೆಯೂ ಕೈಗೆ ಬರಲಿಲ್ಲ. ಪೂರೈಕೆದಾರರ ಬಲ ಅನ್ನುವ ಖಾನೆಗೆ ಬಂದಾಗ ಮಾತ್ರ ಸ್ವಲ್ಪ ಮಜಾ ಬಂತು. ರೋಬಸ್ಟಾ ರೇಟು ಲಂಡನ್ ಮಾರುಕಟ್ಟೆ ನೋಡಿಕೊಂಡು ಏರುತ್ತದೆ, ಅರೇಬಿಕಾ ನ್ಯೂಯಾರ್ಕ್ ನೋಡಿಕೊಂಡು. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿದ್ದು ರೋಬಸ್ಟಾ ದಾಖಲೆ ಮಟ್ಟಕ್ಕೆ ಹೋಯಿತಲ್ಲ, ಸಕಲೇಶಪುರದ ಬೆಳೆಗಾರ ಏನೂ ಜೋರು ಮಾಡಿರಲಿಲ್ಲ. ಅಂದರೆ ಪೂರೈಕೆದಾರನಿಗೂ ಬಲ ಇಲ್ಲ, ಕೊಳ್ಳುವವನಿಗೂ ಇಲ್ಲ, ರೇಟು ಮಾತ್ರ ಏರುತ್ತದೆ. ಇದನ್ನು ಆ ಐದು ಖಾನೆಗಳಲ್ಲಿ ಯಾವುದಕ್ಕೆ ಹಾಕುತ್ತೀರಿ? ಅದೇ, ಬೆಂಗಳೂರಿನ ಯಾರೋ ಹಾಸನದಲ್ಲಿ ಪುಡಿ ವ್ಯಾಪಾರಕ್ಕೆ ಇಳಿಯಬೇಕಾ ಅಂತ ಕೇಳಿದ್ದರೆ ನಾನೂ ಇದನ್ನೇ ತೆಗೆಯುತ್ತಿದ್ದೆ.

ಯಾಕೆ ಅನ್ನುವುದು ಗೊತ್ತಾದ ಮೇಲೆ, ಮುಂದೇನು ಅನ್ನುವುದಕ್ಕೆ ಮಾರ್ಕೆಟಿಂಗ್ ಪ್ರೊಫೆಸರ್ ಮ್ಯಾಕಾರ್ಥಿಯವರ 4ಪಿ (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್) ಪರವಾಗಿಲ್ಲ. ಚಿಕೋರಿ ಜಾಸ್ತಿ ಮಾಡಬಹುದಾ? ಕಾನೂನು ಪ್ರಕಾರ ಮಿಶ್ರಣದಲ್ಲಿ ಕನಿಷ್ಠ 51 ಪರ್ಸೆಂಟ್ ಕಾಫಿ ಇರಬೇಕು, ಹಾಗಾಗಿ ಜಾಗ ಇದೆ. ಆದರೆ ನಮ್ಮ ಕಡೆ ಗಿರಾಕಿಯೇ ಕೌಂಟರ್‌ನಲ್ಲಿ ನಿಂತು ಎಷ್ಟಕ್ಕೆ ಎಷ್ಟು ಅಂತ ಹೇಳಿ ಪುಡಿ ಮಾಡಿಸುತ್ತಾರೆ, ಗುಟ್ಟಾಗಿ ಬದಲಾಯಿಸುವ ಹಾಗಿಲ್ಲ. 60:40 ಅನ್ನು ಬೇರೆ ರೇಟಿಗೆ ಪಕ್ಕದಲ್ಲೇ ಇಡಿ ಅನ್ನುವುದು ನನ್ನ ಉತ್ತರ. ಒಂದು ಅಂಗಡಿಗೆ ಅಷ್ಟು ಸಾಕು.

ನಾಲ್ಕನೆಯದು ಬಿಸಿಜಿ (ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್) ಮ್ಯಾಟ್ರಿಕ್ಸ್, ಒಂದು ಕಂಪನಿಯ ಹಲವು ವ್ಯಾಪಾರಗಳನ್ನು ಬೆಳವಣಿಗೆ, ಮಾರುಕಟ್ಟೆ ಪಾಲು ನೋಡಿ ನಾಲ್ಕು ಖಾನೆಗೆ ಹಾಕುವುದು. ಅದಕ್ಕೆ ಈ ಕೇಸ್ ಸಾಲದು, ಒಂದಕ್ಕಿಂತ ಹೆಚ್ಚು ವ್ಯಾಪಾರ ಬೇಕು. ಅದಕ್ಕೇ ಚಿಕ್ಕಮಗಳೂರಿನ ಒಂದು ಎಸ್ಟೇಟ್ ಊಹಿಸಿಕೊಂಡೆವು: ಕಾಫಿ, ಮೆಣಸು, ಹೋಮ್‌ಸ್ಟೇ. ಈ ಮ್ಯಾಟ್ರಿಕ್ಸನ್ನು 1970ರಲ್ಲಿ ಕೊಟ್ಟ ಬಿಸಿಜಿ ಸ್ಥಾಪಕ ಬ್ರೂಸ್ ಹೆಂಡರ್ಸನ್ ಲೆಕ್ಕದಲ್ಲಿ ಒಂದರಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕಬೇಕು, ಲಾಭವಿಲ್ಲದ್ದನ್ನು ಕೈಬಿಡಬೇಕು. ಆದರೆ ಮೆಣಸಿನ ಬಳ್ಳಿ ಹಬ್ಬಿರುವುದು ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಕ್ಕೇ. ಹೋಮ್‌ಸ್ಟೇಗೆ ಜನ ಬರುವುದು ತೋಟ ನೋಡಲು. ಯಾವುದನ್ನು ಕೈಬಿಡುತ್ತೀರಿ? ಇಂಟರ್ವ್ಯೂನಲ್ಲಿ ಇದನ್ನು ಬಳಸುವ ಅವಕಾಶವೇ ಕಡಿಮೆ, ನನಗೇನೂ ಬೇಸರವಿಲ್ಲ. ಸ್ವಾಟ್ (ಬಲ, ದೌರ್ಬಲ್ಯ, ಅವಕಾಶ, ಅಪಾಯ) ಬಗ್ಗೆ ಹೇಳುವುದೂ ಇಲ್ಲ, ಅದು ಪಟ್ಟಿ ಅಷ್ಟೇ.

ಒಂದು ವಿಷಯ ನೋಡಿಕೊಳ್ಳಿ. ದೊಡ್ಡ ಕನ್ಸಲ್ಟಿಂಗ್ ಕಂಪನಿಗಳ ಪೈಕಿ ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಅವರೇ ಪ್ರಶ್ನೆ ಕೇಳುತ್ತಾ ಕೇಸ್ ನಡೆಸುತ್ತಾರೆ, ಬಿಸಿಜಿ, ಬೇನ್‌ಗಳಲ್ಲಿ ಹೆಚ್ಚಾಗಿ ನೀವೇ ಮುನ್ನಡೆಸಬೇಕು. ಎರಡನೇ ಬಗೆಯಲ್ಲಿ ಬಾಯಿಪಾಠದ ಐದು ಖಾನೆ ಹಿಡಿದು ಕೂತರೆ ಸಮಯ ಪೂರ್ತಿ ಅಲ್ಲೇ ಕಳೆಯುತ್ತದೆ. ನಾನು ಈಗ ಫ್ರೇಮ್‌ವರ್ಕ್ ಹೆಸರನ್ನೇ ಎತ್ತುವುದಿಲ್ಲ. ಟ್ರೀ ಇಟ್ಟುಕೊಳ್ಳುತ್ತೇನೆ, ಕೊಂಬೆಗಳ ಹೆಸರು ಮಾತ್ರ ಆ ವ್ಯಾಪಾರದ್ದು. ಅಂಗಡಿ ಕೇಸ್ ಆದರೆ ಶುರು ಹೀಗೆ: "ಮೊದಲು ಒಂದು ಕೆಜಿ ಪುಡಿಯ ಖರ್ಚು ನೋಡುತ್ತೇನೆ, ಬೀಜ, ಹುರಿಯುವ ನಷ್ಟ, ಚಿಕೋರಿ, ಪ್ಯಾಕಿಂಗ್ ಅಂತ. ಆಮೇಲೆ ರೇಟು ಇನ್ನೆಷ್ಟು ಏರಿಸಿದರೆ ಗಿರಾಕಿ ಉಳಿಯುತ್ತಾರೆ ಅಂತ. ಬೀಜವನ್ನು ಯಾವಾಗ, ಯಾವ ರೇಟಿಗೆ ಕೊಂಡಿದ್ದು ಅಂತ ಗೊತ್ತಾ ಸರ್?"