ಡ್ರೈವರ್ ಕೋಡ್ ಯಾವ ಫೋಲ್ಡರ್‌ನಲ್ಲಿರಬೇಕು: ಲಿನಕ್ಸ್, ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್, ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಮೂರೂ ಆಪರೇಟಿಂಗ್ ಸಿಸ್ಟಮ್‌ಗಳು. ಅವುಗಳ ತಿರುಳಾದ ಕರ್ನಲ್ ಒಳಗೆ ಡ್ರೈವರ್‌ಗಳನ್ನು (ಒಂದೊಂದು ಡಿವೈಸ್ ನಡೆಸುವ ಕೋಡ್) ಜೋಡಿಸುವುದರಲ್ಲಿ ನನಗೆ ಇಷ್ಟವಾಗಿರುವುದು ಲಿನಕ್ಸ್ ರೀತಿ. ಡಿವೈಸ್ ಏನು ಕೆಲಸ ಮಾಡುತ್ತದೋ ಆ ಹೆಸರಿನ ಫೋಲ್ಡರ್. ಬೆಳಕು ಅಳೆಯುವ ಸೆನ್ಸರ್, ಐಐಒ ಅನ್ನುವ ಸೆನ್ಸರ್ ಫೋಲ್ಡರ್ ಒಳಗಿನ ಲೈಟ್‌ನಲ್ಲಿ, ಗಡಿಯಾರದ ಚಿಪ್ ಆರ್‌ಟಿಸಿಯಲ್ಲಿ, ವೋಲ್ಟೇಜ್ ಕೊಡುವ ಚಿಪ್ ರೆಗ್ಯುಲೇಟರ್‌ನಲ್ಲಿ. ನನಗೆ ಅತಿ ಜಾಸ್ತಿ ಕಾಟ ಕೊಟ್ಟಿದ್ದೂ ಇದೇ ರೀತಿ. ಆದರೂ ನನ್ನ ಆಯ್ಕೆ ಬದಲಾಗಿಲ್ಲ.

ಹೋಲಿಸಿ ನೋಡುವ ಹಾಗಾಗಿದ್ದು ಒಂದು ಬೋರ್ಡ್‌ನಿಂದ. ಬ್ಯಾಟರಿ ಜೋಡಿಸಬಹುದು ಅಂತ ಆಲ್‌ವಿನ್ನರ್ ಎ64 ಚಿಪ್ ಇರುವ ಅಗ್ಗದ ಬೋರ್ಡ್ ಒಂದನ್ನು ಕೊಂಡಿದ್ದೆ. ಮಾರಿದವರು ಕೊಟ್ಟ ಲಿನಕ್ಸ್ ಇಮೇಜ್ ಚೆನ್ನಾಗಿಯೇ ಬೂಟ್ ಆಯಿತು. ವೈಫೈ ಬಂತು, ಡಿಸ್‌ಪ್ಲೇ ಬಂತು. ಬ್ಯಾಟರಿ ಮಾತ್ರ ಕಾಣಲಿಲ್ಲ. ಡಿವೈಸ್‌ಗಳ ವಿವರ ಫೈಲ್‌ಗಳಾಗಿ ಕಾಣುವ ಸಿಸ್‌ಎಫ್‌ಎಸ್‌ನ ಪವರ್ ಸಪ್ಲೈ ಪಟ್ಟಿಯಲ್ಲಿ ಚಾರ್ಜರ್ ಇದೆ, ಬ್ಯಾಟರಿ ಇಲ್ಲ. ಕರ್ನಲ್ ಲಾಗ್‌ನಲ್ಲಿ ಒಂದೇ ಒಂದು ಎರರ್ ಸಾಲೂ ಇಲ್ಲ. ಬ್ಯಾಟರಿ ಡ್ರೈವರ್ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಂಡು) ಲೋಡ್ ಆಗಿದೆ. ಆದರೂ ಇಲ್ಲ.

ಇಂಥ ಬೋರ್ಡ್‌ಗಳಲ್ಲಿ ಎ64 ಪಕ್ಕ ಎಎಕ್ಸ್‌ಪಿ803 ಅನ್ನುವ ಪವರ್ ಚಿಪ್ ಇರುತ್ತದೆ. ಬೆರಳಿನ ಉಗುರಿಗಿಂತ ಚಿಕ್ಕದು. ವೋಲ್ಟೇಜ್ ಕೊಡುವುದು, ಬ್ಯಾಟರಿ ಚಾರ್ಜ್ ಮಾಡುವುದು, ಬ್ಯಾಟರಿಯ ವೋಲ್ಟೇಜ್ ಅಳೆಯುವುದು, ಪವರ್ ಬಟನ್ ನೋಡಿಕೊಳ್ಳುವುದು, ಬೇಕಾದ ಹಾಗೆ ಬಳಸಬಹುದಾದ ಒಂದೆರಡು ಪಿನ್ (ಜಿಪಿಐಒ) ಕೊಡುವುದು, ಎಲ್ಲ ಕೆಲಸವೂ ಅದರದೇ. ಲಿನಕ್ಸ್‌ನಲ್ಲಿ ಕೆಲಸದ ಪ್ರಕಾರ ಫೋಲ್ಡರ್ ಅಲ್ವಾ, ಹಾಗಾಗಿ ಈ ಒಂದು ಚಿಪ್‌ನ ಕೋಡ್ ಆರು ಕಡೆ ಹಂಚಿಹೋಗಿದೆ. ಚಿಪ್ ಜೊತೆ ಮೊದಲು ಮಾತಾಡುವ ಭಾಗ, ಹಲವು ಕೆಲಸದ ಚಿಪ್‌ಗಳಿಗೆಂದೇ ಇರುವ ಎಂಎಫ್‌ಡಿಯಲ್ಲಿ. ಅಲ್ಲಿಂದ ಮುಂದೆ ರೆಗ್ಯುಲೇಟರ್, ಪವರ್ ಒಳಗಿನ ಸಪ್ಲೈ, ಐಐಒ ಒಳಗಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ), ಪಿನ್‌ಗಳಿಗೆ ಪಿನ್‌ಕಂಟ್ರೋಲ್, ಬಟನ್‌ಗೆ ಇನ್‌ಪುಟ್ ಒಳಗಿನ ಮಿಸ್ಕ್.

ಕಾಟ ಶುರುವಾಗುವುದು ಇಲ್ಲೇ. ಬ್ಯಾಟರಿ ಡ್ರೈವರ್ ತಾನೇ ವೋಲ್ಟೇಜ್ ಓದುವುದಿಲ್ಲ, ಎಡಿಸಿ ಡ್ರೈವರ್ ಹತ್ತಿರ ಕೇಳುತ್ತದೆ. ಎಡಿಸಿ ಡ್ರೈವರ್ ಇನ್ನೂ ಬಂದಿಲ್ಲ ಅಂದರೆ 'ಆಮೇಲೆ ನೋಡೋಣ' ಅಂತ ಸುಮ್ಮನೆ ಹಿಂದೆ ಸರಿಯುತ್ತದೆ. ಇದಕ್ಕೆ ಡಿಫರ್ಡ್ ಪ್ರೋಬ್ ಅನ್ನುತ್ತಾರೆ. ಒಂದು ಡ್ರೈವರ್ ಇನ್ನೊಂದಕ್ಕಾಗಿ ಕಾಯುವುದು ಬೂಟ್ ಆಗುವಾಗ ಮಾಮೂಲಿ, ಅದಕ್ಕೇ ಕರ್ನಲ್ ಎರರ್ ಅಂತ ಕೂಗುವುದಿಲ್ಲ. ನನ್ನ ಬೋರ್ಡ್‌ನ ಇಮೇಜ್‌ನಲ್ಲಿ ಎಡಿಸಿ ಮಾಡ್ಯೂಲೇ ಇರಲಿಲ್ಲ. ಬ್ಯಾಟರಿ ಡ್ರೈವರ್ ಕಾಯುತ್ತಲೇ ಇತ್ತು.

ಮಾಡ್ಯೂಲ್ ಯಾಕಿರಲಿಲ್ಲ ಅನ್ನುವುದಕ್ಕೂ ಫೋಲ್ಡರ್‌ಗೂ ನೇರ ಸಂಬಂಧ ಇದೆ. ಕಂಪೈಲ್ ಆದ ಮಾಡ್ಯೂಲ್‌ಗಳು ಡಿಸ್ಕ್‌ನಲ್ಲಿ ಕೂರುವುದೂ ಸೋರ್ಸ್‌ನ ಫೋಲ್ಡರ್ ಹೆಸರುಗಳಲ್ಲೇ. ಐಐಒ ಅಂದರೆ ಇಂಡಸ್ಟ್ರಿಯಲ್ ಐಒ. ಹೆಸರು ಕೇಳಿದರೆ ಫ್ಯಾಕ್ಟರಿ ಸೆನ್ಸರ್‌ಗಳಿಗೆ ಇರಬೇಕು ಅನ್ನಿಸುತ್ತದೆ. ಇಮೇಜ್ ಚಿಕ್ಕದಾಗಲಿ ಅಂತ ಮಾರಿದವರು ಅದರೊಳಗಿನ ಎಡಿಸಿ ಫೋಲ್ಡರನ್ನೇ ಪೂರ್ತಿ ಅಳಿಸಿದ್ದರು. ಕರ್ನಲ್‌ಗೆ ಏನೇನು ಸೇರಬೇಕು ಅಂತ ಟಿಕ್ ಮಾಡುವ ಮೆನುಕಾನ್ಫಿಗ್‌ನಲ್ಲೂ ಇದೇ ಕಥೆ. ಬ್ಯಾಟರಿ ಒಂದು ಮೆನುವಿನಲ್ಲಿ, ಅದಕ್ಕೆ ಬೇಕಾದ ಎಡಿಸಿ ಎಷ್ಟೋ ಪುಟ ಆಚೆ ಇನ್ನೊಂದು ಮೆನುವಿನಲ್ಲಿ. ಎರಡೂ ಒಂದೇ ಚಿಪ್‌ನವು ಅಂತ ಮೆನು ಬಾಯಿಬಿಟ್ಟು ಹೇಳುವುದಿಲ್ಲ.

ಗುಟ್ಟು ಬಿಟ್ಟುಕೊಟ್ಟಿದ್ದು ಡಿಬಗ್‌ಎಫ್‌ಎಸ್, ಅಂದರೆ ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಫೈಲ್‌ಗಳ ಜಾಗ. ಅದರಲ್ಲಿ 'ಡಿವೈಸಸ್ ಡಿಫರ್ಡ್' ಅನ್ನುವ ಫೈಲ್ ಇದೆ. ತೆರೆದರೆ ಕಾಯುತ್ತಿರುವ ಡಿವೈಸ್‌ಗಳ ಪಟ್ಟಿ ಸಿಗುತ್ತದೆ. ಬ್ಯಾಟರಿ ಅಲ್ಲೇ ಕೂತಿತ್ತು. ಎಡಿಸಿ ಮಾಡ್ಯೂಲ್ ಬಿಲ್ಡ್ ಮಾಡಿ ಲೋಡ್ ಮಾಡಿದ ತಕ್ಷಣ ಬ್ಯಾಟರಿ ಬಂತು. ಲಾಗ್‌ನಲ್ಲಿ ಎರರ್ ಇಲ್ಲದೆ ಡಿವೈಸ್ ಕಾಣೆಯಾಗಿದ್ದರೆ ಮೊದಲು ಆ ಫೈಲ್ ನೋಡಿ.

ಇದೇ ಚಿಪ್ ನೆಟ್‌ಬಿಎಸ್‌ಡಿಯಲ್ಲಿ ಹೇಗಿದೆ ಅಂತ ಕುತೂಹಲಕ್ಕೆ ಹಾಕಿ ನೋಡಿದೆ. ಅಲ್ಲಿ ಮುಖ್ಯ ಕೆಲಸವೆಲ್ಲ ಎಎಕ್ಸ್‌ಪಿ‌ಪಿಮಿಕ್ ಅನ್ನುವ ಒಂದೇ ಫೈಲ್‌ನಲ್ಲಿದೆ. ರೆಗ್ಯುಲೇಟರ್, ಬ್ಯಾಟರಿ, ಪವರ್ ಬಟನ್, ಎಲ್ಲ. ಎನ್‌ವಿಸ್ಟ್ಯಾಟ್ ಅಂತ ಟೈಪ್ ಮಾಡಿದರೆ ಬ್ಯಾಟರಿ ಕಣ್ಣೆದುರಿಗೆ. ಆ ಹೊತ್ತಿಗೆ ನನಗೆ ಅದು ನಿಜಕ್ಕೂ ಖುಷಿ ಕೊಟ್ಟಿತು. ಚಿಪ್‌ನ ಡೇಟಾಶೀಟ್ ಒಂದು ಕಡೆ, ಈ ಫೈಲ್ ಇನ್ನೊಂದು ಕಡೆ ಇಟ್ಟುಕೊಂಡು ಮೇಲಿನಿಂದ ಕೆಳಗೆ ಓದಬಹುದು.

ಆದರೆ ಆ ಫೈಲ್ ಇರುವ ಜಾಗ ನೋಡಿ. ನೆಟ್‌ಬಿಎಸ್‌ಡಿ ಫೋಲ್ಡರ್ ಮಾಡುವುದು ಬಸ್ ಪ್ರಕಾರ, ಅಂದರೆ ಡಿವೈಸ್ ಯಾವ ದಾರಿಯಲ್ಲಿ ಕಂಪ್ಯೂಟರ್‌ಗೆ ಜೋಡಣೆಯಾಗುತ್ತದೆ ಅನ್ನುವುದರ ಪ್ರಕಾರ: ಪಿಸಿಐ, ಯುಎಸ್‌ಬಿ, ಐಎಸ್‌ಎ, ಐ2ಸಿ. ಈ ಫೈಲ್ ಐ2ಸಿ ಫೋಲ್ಡರ್‌ನಲ್ಲಿದೆ. ಎ64 ಬೋರ್ಡ್‌ನಲ್ಲಿ ಇದೇ ಚಿಪ್ ಜೋಡಣೆಯಾಗಿರುವುದು ಆರ್‌ಎಸ್‌ಬಿ ಅನ್ನುವ ಬೇರೆ ಬಸ್‌ಗೆ. ಕೋಡ್ ಅದನ್ನು ಐ2ಸಿ ಥರ ತೋರಿಸಿಕೊಂಡು ಕೆಲಸ ನಡೆಸುತ್ತದೆ, ನಡೆಯುತ್ತದೆ ಕೂಡ. ಫೋಲ್ಡರ್ ಹೆಸರು ಮಾತ್ರ ನಿಜ ಹೇಳುವುದಿಲ್ಲ. ಇನ್ನು ಪಿಸಿಐ ಫೋಲ್ಡರ್ ತೆರೆದರೆ ನೆಟ್‌ವರ್ಕ್ ಕಾರ್ಡ್, ಸೌಂಡ್ ಕಾರ್ಡ್, ಡಿಸ್ಕ್ ಕಂಟ್ರೋಲರ್ ಎಲ್ಲ ಒಟ್ಟಿಗೆ. ನೆಟ್‌ವರ್ಕ್ ಯಾವುದು ಅಂತ 'ಇಫ್' ಅಂತ ಶುರುವಾಗುವ ಹೆಸರಿನಿಂದ ಗೊತ್ತಾಗಬೇಕು.

ನೆಟ್‌ಬಿಎಸ್‌ಡಿ ರೀತಿಯಲ್ಲಿ ಒಂದು ಒಳ್ಳೆಯ ಯೋಚನೆ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಚಿಪ್‌ನ ಅಸಲಿ ಕೋಡನ್ನು ಐಸಿ ಅನ್ನುವ ಫೋಲ್ಡರ್‌ನಲ್ಲಿಟ್ಟು, ಬಸ್‌ಗೆ ಅಂಟಿಸುವ ಸಣ್ಣ ತುಂಡನ್ನು ಮಾತ್ರ ಆಯಾ ಬಸ್ ಫೋಲ್ಡರ್‌ನಲ್ಲಿ ಇಡುತ್ತಾರೆ. ಎನ್‌ಇ2000 ಕಾರ್ಡ್ ಐಎಸ್‌ಎಯಲ್ಲೂ ಬಂತು, ಪಿಸಿಐಯಲ್ಲೂ ಬಂತು. ಮೂಲ ಕೋಡ್ ಒಂದೇ, ಅಂಟಿಸುವ ತುಂಡು ಬೇರೆ ಬೇರೆ. ಒಂದೇ ಚಿಪ್ ಹಲವು ಬಸ್‌ಗಳಲ್ಲಿ ಬರುವ ಕಡೆ ಇದಕ್ಕಿಂತ ಸ್ವಚ್ಛ ದಾರಿ ನಾನು ಕಂಡಿಲ್ಲ.

ಫ್ರೀಬಿಎಸ್‌ಡಿಯಲ್ಲಿ ಸಾಮಾನ್ಯವಾಗಿ ಒಂದು ಡ್ರೈವರ್‌ಗೆ ಒಂದು ಫೋಲ್ಡರ್. ರಿಯಲ್‌ಟೆಕ್ ಗಿಗಾಬಿಟ್ ಕಾರ್ಡ್ ಅಂದರೆ 'ಆರ್‌ಇ'. ಫೋಲ್ಡರ್ ಹೆಸರೂ ಅದೇ, ಇಂಟರ್‌ಫೇಸ್ ಹೆಸರೂ ಅದೇ, ಮ್ಯಾನ್ ಪೇಜ್ ಹೆಸರೂ ಅದೇ. ಹೆಸರು ಗೊತ್ತಿದ್ದರೆ ಕಣ್ಣುಮುಚ್ಚಿ ಹೋಗಬಹುದು. ಗೊತ್ತಿಲ್ಲದಿದ್ದರೆ ಎರಡು ಮೂರು ಅಕ್ಷರದ ಹೆಸರುಗಳ ಸಂತೆಯಲ್ಲಿ ಕಳೆದುಹೋಗುತ್ತೀರಿ. ಹೊಸ ಡ್ರೈವರ್ ಸೇರಿಸುವಾಗ ಕೋಡ್ ಒಂದು ಕಡೆ, ಕರ್ನಲ್‌ನ ಫೈಲ್ ಪಟ್ಟಿ ಇನ್ನೊಂದು ಕಡೆ, ಮಾಡ್ಯೂಲ್‌ನ ಮೇಕ್‌ಫೈಲ್ (ಬಿಲ್ಡ್ ಮಾಡುವ ಸೂಚನೆ) ಮತ್ತೊಂದು ಕಡೆ. ಲಿನಕ್ಸ್‌ನಲ್ಲಿ ಮೆನುವಿನ ಸಾಲುಗಳಿರುವ ಕೆಕಾನ್ಫಿಗ್ ಫೈಲ್, ಮೇಕ್‌ಫೈಲ್ ಎರಡೂ ಕೋಡ್ ಪಕ್ಕದಲ್ಲೇ ಇರುತ್ತವೆ. ನನಗೆ ಇದು ದೊಡ್ಡ ಸಮಾಧಾನ.

ಕಂಪನಿ ಹೆಸರಿನ ಫೋಲ್ಡರ್ ಮಾತ್ರ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಬೇಸರ ಅಂದರೆ, ಲಿನಕ್ಸ್‌ನಲ್ಲೂ ಅದು ಇದೆ. 2011ರಲ್ಲಿ ಈಥರ್‌ನೆಟ್ ಡ್ರೈವರ್‌ಗಳನ್ನು ಕಂಪನಿ ಪ್ರಕಾರ ಜೋಡಿಸಿದರು. ಬಿಎನ್‌ಎಕ್ಸ್2ಎಕ್ಸ್ ಡ್ರೈವರ್ ಬ್ರಾಡ್‌ಕಾಮ್ ಫೋಲ್ಡರ್‌ನಲ್ಲಿದೆ. ಆ ಕಾರ್ಡ್‌ಗಳ ವ್ಯಾಪಾರ 2014ರಲ್ಲಿ ಕ್ಯೂಲಾಜಿಕ್‌ಗೆ ಹೋಯಿತು, ಕ್ಯೂಲಾಜಿಕ್ 2016ರಲ್ಲಿ ಕ್ಯಾವಿಯಂಗೆ, ಕ್ಯಾವಿಯಂ 2018ರಲ್ಲಿ ಮಾರ್ವೆಲ್‌ಗೆ. ಫೋಲ್ಡರ್ ಇನ್ನೂ ಬ್ರಾಡ್‌ಕಾಮ್. ಇತ್ತೀಚಿನ ರಾಕ್‌ಚಿಪ್ ಬೋರ್ಡ್‌ನ ಈಥರ್‌ನೆಟ್ ಹುಡುಕಿದರೆ ಸಿಗುವುದು ಎಸ್‌ಟಿಮೈಕ್ರೋ ಫೋಲ್ಡರ್‌ನಲ್ಲಿ, ಆಲ್‌ವಿನ್ನರ್ ಎ64ದೂ ಅಲ್ಲೇ. ಅಸಲಿಗೆ ಆ ಹಾರ್ಡ್‌ವೇರ್ ವಿನ್ಯಾಸ ಸಿನಾಪ್ಸಿಸ್‌ದು. ಅಡುಗೆಮನೆಯ ಡಬ್ಬಗಳನ್ನು ಸಾಮಾನು ತಂದ ಅಂಗಡಿಯ ಪ್ರಕಾರ ಜೋಡಿಸಿದ ಹಾಗೆ ಇದು. ಅಂಗಡಿ ಕೈ ಬದಲಾದರೂ ಬೇಳೆ ಬೇಳೆಯೇ ಅಲ್ವಾ.

ಸ್ಟೇಜಿಂಗ್ ಫೋಲ್ಡರ್ ಬಗ್ಗೆ ಒಂದೇ ಮಾತು: 2008ರಿಂದ ಇದೆ, ಕೋಡ್ ಇನ್ನೂ ಹದಕ್ಕೆ ಬಂದಿಲ್ಲ ಅನ್ನುವುದೊಂದೇ ಅದರೊಳಗಿನವುಗಳ ನಂಟು, ಕೊಳ್ಳುವ ಡಿವೈಸ್‌ನ ಡ್ರೈವರ್ ಅಲ್ಲಿದ್ದರೆ ಎರಡು ಸಲ ಯೋಚಿಸಿ.

ಹಾಗಾದರೆ ಆರು ಕಡೆ ಹಂಚಿಹೋದ ಚಿಪ್‌ನ ಕಾಟ ಉಂಡ ಮೇಲೂ ಲಿನಕ್ಸ್ ರೀತಿಯೇ ಯಾಕೆ? ಅಕ್ಕಪಕ್ಕದ ಫೈಲ್‌ಗಳಿಗಾಗಿ. ನಾನು ಡ್ರೈವರ್ ಬರೆಯುವುದು ಪಕ್ಕದ ಡ್ರೈವರ್ ಓದಿಕೊಂಡು. ಬೆಳಕಿನ ಸೆನ್ಸರ್‌ಗೆ ಕೋಡ್ ಬರೆಯಬೇಕಾದರೆ ಲೈಟ್ ಫೋಲ್ಡರ್‌ನಲ್ಲಿ ಬಿಎಚ್1750, ಒಪಿಟಿ3001 ಎಲ್ಲ ಸಾಲಾಗಿ ಇವೆ. ಬೇರೆ ಬೇರೆ ಕಂಪನಿಯ ಚಿಪ್‌ಗಳು, ಆದರೆ ಎಲ್ಲವೂ ಕರೆಯುವುದು ಅದೇ ಐಐಒ ಫಂಕ್ಷನ್‌ಗಳನ್ನು. ಆ ಫೋಲ್ಡರ್‌ನ ಗಿಟ್ ಲಾಗ್ (ಬದಲಾವಣೆಗಳ ದಾಖಲೆ) ಓದಿದರೆ ಈ ವರ್ಷ ಯಾವ ಫಂಕ್ಷನ್ ಬದಲಾಯಿತು, ಅದಕ್ಕೆ ಎಲ್ಲರೂ ಹೇಗೆ ಹೊಂದಿಕೊಂಡರು ಅಂತ ಗೊತ್ತಾಗುತ್ತದೆ. ಯಾವುದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಹೇಳುವ ಮೇಂಟೇನರ್ಸ್ ಫೈಲ್‌ನಲ್ಲಿ ಹೆಸರುಗಳ ಎದುರಿಗೆ ಇರುವುದೂ ಫೋಲ್ಡರ್‌ಗಳೇ. ಬೆಳಕಿನ ಸೆನ್ಸರ್‌ನ ಪ್ಯಾಚ್ ಬೆಳಕಿನ ಸೆನ್ಸರ್‌ಗಳನ್ನೇ ನೋಡಿ ಪಳಗಿದವರ ಕೈಗೆ ಹೋಗುತ್ತದೆ. ಅವರು ಹಿಡಿಯುವ ತಪ್ಪುಗಳನ್ನು ಬೇರೆಯವರು ಹಿಡಿಯಲಾರರು.

ಇನ್ನೊಂದು ಕಾರಣ ದುಡ್ಡಿನದು. ನನ್ನದು ಹಳೆಯ ಲ್ಯಾಪ್‌ಟಾಪ್. ಪೂರ್ತಿ ಕರ್ನಲ್ ಬಿಲ್ಡ್‌ಗೆ ಹಾಕಿದರೆ ಊಟ ಮುಗಿಸಿ ಬಂದರೂ ಓಡುತ್ತಿರುತ್ತದೆ. ಹೊಸದು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಲಿನಕ್ಸ್‌ನಲ್ಲಿ ಒಮ್ಮೆ ಪೂರ್ತಿ ಬಿಲ್ಡ್ ಮಾಡಿಟ್ಟುಕೊಂಡು, ಮೇಕ್‌ಗೆ ಒಂದೇ ಫೋಲ್ಡರ್ ಹೆಸರು ಕೊಟ್ಟರೆ ಆ ಜಾತಿಯ ಡ್ರೈವರ್‌ಗಳಷ್ಟೇ ಕಂಪೈಲ್ ಆಗುತ್ತವೆ. ಫ್ರೀಬಿಎಸ್‌ಡಿಯಲ್ಲೂ ಒಂದೇ ಮಾಡ್ಯೂಲ್ ಬಿಲ್ಡ್ ಮಾಡಬಹುದು, ಅದರಲ್ಲಿ ದೂರಿಲ್ಲ.

ಒಂದೇ ಒಂದು ಕಾರ್ಡ್‌ನ ಡ್ರೈವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರಿಗೆ ಫ್ರೀಬಿಎಸ್‌ಡಿ ರೀತಿ ಹಿತ. ಒಂದು ಚಿಪ್ ಪೂರ್ತಿ ಅರ್ಥ ಮಾಡಿಕೊಳ್ಳಬೇಕು ಅಂದರೆ ನೆಟ್‌ಬಿಎಸ್‌ಡಿಯ ಫೈಲ್ ಓದಿ, ನಾನೂ ಈಗ ಹಾಗೇ ಮಾಡುತ್ತೇನೆ. ನನ್ನ ಹಾಗೆ ಇವತ್ತು ಸೆನ್ಸರ್, ನಾಳೆ ಚಾರ್ಜರ್ ಅಂತ ಜಿಗಿಯುವವರಿಗೆ ಲಿನಕ್ಸ್ ರೀತಿಯೇ ಸರಿ. ಹಂಚಿಹೋದ ಚಿಪ್ ಸಿಕ್ಕಿದಾಗ ಎಂಎಫ್‌ಡಿಯ ಹೆಡರ್ ಫೈಲ್ ಹೆಸರು ಹಿಡಿದು ಇಡೀ ಡ್ರೈವರ್ಸ್ ಫೋಲ್ಡರ್ ಮೇಲೆ ಗಿಟ್ ಗ್ರೆಪ್ (ಫೈಲ್‌ಗಳೊಳಗೆ ಹುಡುಕುವ ಕಮಾಂಡ್) ಓಡಿಸಿ. ಆ ಹೆಡರ್ ಬಳಸುವ ಫೈಲ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಕಾನ್ಫಿಗ್ ಟಿಕ್ ಮಾಡುವ ಮೊದಲು ಆ ಪಟ್ಟಿ ಪಕ್ಕದಲ್ಲಿರಲಿ.